ಓಬವ್ವನ ಹಾಡು ಮುಗಿದ ಮೇಲೆ ಚಿತ್ರದುರ್ಗಕ್ಕೆ ಏನಾಯ್ತು?

ಕೋಟೆ ಹುಡುಗ: ‘ನಾಗರಹಾವು’ (1972) ಸಿನಿಮಾದ ಓಬವ್ವನ ಹಾಡು ಇಲ್ದೆ ನಮ್ಮ ಕಡೆ ರಾಜ್ಯೋತ್ಸವ ಆಗಲ್ಲ. ಮೊದಲ ಚರಣದಲ್ಲೇ ಮದವೇರಿದ ಆನೆ, ಹರಸಿದ ಸಿದ್ಧರು ಅಂತೆಲ್ಲ ಬರುತ್ತಲ್ಲ, ಅದು ಬರೀ ಪ್ರಾಸಕ್ಕಾ?

ದಾವಣಗೆರೆ ಬೆಣ್ಣೆದೋಸೆ: ಪ್ರಾಸಕ್ಕೇ ಗುರು. ಚಿ. ಉದಯಶಂಕರ್ ಅಂದ್ರೆ ಸುಮ್ನೆನಾ? ಸುಮ್ನೆ ಕೇಳಿ ಖುಷಿ ಪಡು.

ಚಂದ್ರವಳ್ಳಿ: ಅಣ್ಣಾ, ನೀವು ಬೆಟ್ಟ ಹತ್ತಿದಂಗೆ ಕಾಣಲ್ಲ. ಮೇಲೆ ಸಂಪಿಗೆ ಸಿದ್ಧೇಶ್ವರನ ಗುಡಿ, ಈ ಕಡೆ ಅಂಕಲಿ ಮಠ. ದುರ್ಗದೋರಿಗೆ ಸಿದ್ಧರು ಅಂದ್ರೆ ಅಲಂಕಾರ ಅಲ್ಲ. ಆನೆ ವಿಷಯದಲ್ಲಿ ಮಾತ್ರ ಜನ ಎಡವುತ್ತಾರೆ. ದುರ್ಗ ಆಳಿದ ಮದಕರಿ (ಕರಿ ಅಂದ್ರೆ ಆನೆ) ಹೆಸರಿನ ನಾಯಕರು ಒಬ್ಬರಲ್ಲ. ಹೈದರಾಲಿ ಜೊತೆ ಕಾದಾಡಿದವನು ಕೊನೆಯವನು. ಆನೆ ಮದ ಇಳಿಸಿದ ಐತಿಹ್ಯ ಇರೋದು ಆ ಹೆಸರು ಮನೆತನಕ್ಕೆ ಹೇಗೆ ಬಂತು ಅನ್ನೋದಕ್ಕೆ. ಅಂದ್ರೆ ಅವನ ಹಿರಿಯರ ಕಾಲದ ಮಾತು. ಹಾಡು ಕೇಳಿದೋರು ಎರಡನ್ನೂ ಒಬ್ಬನ ತಲೆಗೇ ಕಟ್ತಾರೆ.

ನಿವೃತ್ತ ಮೇಷ್ಟ್ರು: ಅದು ಸಣ್ಣದು ಬಿಡಮ್ಮ. ತರಗತಿಯಲ್ಲಿ ‘ಹೈದರ್–ಮದಕರಿ ಯುದ್ಧದಲ್ಲಿ ಗೆದ್ದೋರು ಯಾರು’ ಅಂತ ಕೇಳಿದ್ರೆ ಹುಡುಗರೆಲ್ಲ ‘ಮದಕರಿ’ ಅನ್ನೋರು. ಹಾಡು ಓಬವ್ವನ ಸಾವಿಗೇ ನಿಲ್ಲುತ್ತೆ. 1779ರಲ್ಲಿ ಕೋಟೆ ಹೈದರನ ಕೈಗೆ ಹೋಯ್ತು, ನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾದ. ನಾಯಕನ ಕಡೆಯ ಸಾವಿರಾರು ಬೇಡ ಜನಾಂಗದೋರನ್ನ ಅಲ್ಲಿಗೇ ಸಾಗಿಸಿ, ಅವರ ಹುಡುಗರನ್ನ ಚೇಲಾ ಅನ್ನೋ ಸೆರೆಹುಡುಗರ ಪಡೆಗೆ ಸೇರಿಸಿದರು. ಅದರ ಸುದ್ದಿ ಎಲ್ಲಿದೆ?

ದಾವಣಗೆರೆ ಬೆಣ್ಣೆದೋಸೆ: ಮೇಷ್ಟ್ರೇ, ಅದು ಓಬವ್ವನ ಹಾಡು, ಪಠ್ಯಪುಸ್ತಕ ಅಲ್ಲ. ಸೋತ ಕಥೆ ಬೇಕಂದ್ರೆ ಕಾದಂಬರಿಕಾರ ತ.ರಾ.ಸು. ಬರೆದಿಲ್ವಾ? ಸಿನಿಮಾಕ್ಕೆ ಕಾದಂಬರಿ ಕೊಟ್ಟ ಅವರೇ ‘ದುರ್ಗಾಸ್ತಮಾನ’ನೂ ಬರೆದ್ರು.

ನಿವೃತ್ತ ಮೇಷ್ಟ್ರು: ಬರೆದ್ರಪ್ಪ. ಹಾಡು ಕೇಳಿದೋರೆಷ್ಟು, ಆ ದಪ್ಪ ಪುಸ್ತಕ ಓದಿದೋರೆಷ್ಟು?

ಚಂದ್ರವಳ್ಳಿ: ನಾನು ಮಾತ್ರ ಹಾಡಿನ ಪರ, ಮೇಷ್ಟ್ರೇ. ರಾಜರ ಸೋಲು-ಗೆಲುವು ಬರೆಯೋಕೆ ಜನ ಇದ್ರು. ಗಂಡ ಉಣ್ಣೋಕೆ ಕೂತಾಗ ನೀರಿಗೆ ಹೋದ ಕಾವಲುಗಾರನ ಹೆಂಡತಿ ಉಳಿದಿದ್ದು ಬಾಯಿಮಾತಲ್ಲಿ. ಹೈದರನ ಸೈನಿಕರು ನುಸುಳಿದ ಆ ಕಿಂಡಿ ಹತ್ರ ನಿಂತು ನೋಡಿ, ಒಬ್ಬರೇ ಮೈ ಬಗ್ಗಿಸಿ ತೂರಬೇಕು. ಒನಕೆ ಹಿಡಿದ ಒಬ್ಬಳಿಗೆ ಆ ಜಾಗ ಯಾಕೆ ಸಾಕಾಯ್ತು ಅಂತ ಅಲ್ಲೇ ಗೊತ್ತಾಗುತ್ತೆ. ಅವಳು ನೀರಿಗೆ ಹೋದ ‘ತಣ್ಣೀರು ದೋಣಿ’ ಅನ್ನೋ ನೀರಿನ ಹೊಂಡನೂ ಪಕ್ಕದಲ್ಲೇ ಇದೆ.

ಕೋಟೆ ಹುಡುಗ: ಎಷ್ಟು ಸಲ ಹೋಗಿದ್ದೀನಿ, ದೋಣಿ ನೋಡಿದ್ರೂ ಹಾಡಿನ ನೀರಿಗೂ ಅದಕ್ಕೂ ಗಂಟು ಹಾಕಿರಲಿಲ್ಲ.

ನಿವೃತ್ತ ಮೇಷ್ಟ್ರು: ಸರಿ ತಾಯಿ, ಆಕೆ ಬಗ್ಗೆ ನನ್ನದೇನೂ ತಕರಾರಿಲ್ಲ. ಆದ್ರೆ ಕಿಂಡಿ ತೋರಿಸೋ ಗೈಡುಗಳು 1779ನ್ನೂ ಹೇಳಲಿ.

ದಾವಣಗೆರೆ ಬೆಣ್ಣೆದೋಸೆ: ಹೇಳಿದ್ರೆ ಟಿಪ್ಸ್ ಬರಲ್ಲ ಮೇಷ್ಟ್ರೇ!