ಯುವಿ-5ಆರ್ (ಹ್ಯಾಮ್ ರೇಡಿಯೊ ವಾಕಿ-ಟಾಕಿ): ರಿಪೀಟರ್ ಕೇಳಿಸುತ್ತದೆ, ಮೆಮೊರಿ ಚಾನೆಲ್‌ನಿಂದ ತೆರೆಯುವುದಿಲ್ಲ

ವಿಯು3_ಹೊಸಬ:
ಎಲ್ಲರಿಗೂ ನಮಸ್ಕಾರ. ಹ್ಯಾಮ್ ಕಾಲ್‌ಸೈನ್ (ಗುರುತಿನ ಸಂಕೇತ) ಈಗಷ್ಟೇ ಸಿಕ್ಕಿದೆ, ಕ್ಲಬ್ಬಿನ ಸಂಜೆ ನೆಟ್‌ಗೆ (ರೇಡಿಯೊದಲ್ಲೇ ನಡೆಯುವ ಕೂಟ) ಚೆಕ್-ಇನ್ ಮಾಡೋಣ (ಹಾಜರಿ ಹಾಕೋಣ) ಅಂತ ಹ್ಯಾಂಡಿ ಹಿಡಿದು ಕೂತಿದ್ದೇನೆ. ನೆಟ್ ಕಂಟ್ರೋಲ್, ಅಂದರೆ ಕೂಟ ನಡೆಸುವವರ ಮಾತು ಚೆನ್ನಾಗಿ ಕೇಳಿಸುತ್ತದೆ. ವಿಎಫ್‌ಒದಲ್ಲಿ (ಫ್ರೀಕ್ವೆನ್ಸಿ ನೇರವಾಗಿ ಒತ್ತುವ ಮೋಡ್) ಫ್ರೀಕ್ವೆನ್ಸಿ ಒತ್ತಿ ಪಿಟಿಟಿ (ಮಾತಾಡುವ ಬಟನ್) ಹಿಡಿದರೆ ರಿಪೀಟರ್ (ನಮ್ಮ ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಕೇಂದ್ರ) ತೆರೆಯುತ್ತದೆ. ಅದನ್ನೇ ಮೆಮೊರಿಗೆ ಹಾಕಿ ಚಾನೆಲ್‌ನಿಂದ ಕರೆದರೆ ಯಾರಿಗೂ ಕೇಳಿಸಲ್ಲ. ರಿಪೀಟರ್ ತೆರೆಯಲು ಮಾತಿನ ಜೊತೆ ಕಳಿಸುವ ಟೋನ್ ಹಾಕಿದ್ದೇನೆ. ಆಂಟೆನಾ ಬದಲಿಸಬೇಕಾ?

ಹಳೇ_ಡೈಪೋಲ್:
ಸುಮ್ನೆ ದುಡ್ಡು ಕಳೀಬೇಡಿ. ವಿಎಫ್‌ಒದಲ್ಲಿ ತೆರೆಯುತ್ತದೆ ಅಂದಮೇಲೆ ಆಂಟೆನಾ, ಟೋನ್, ಪವರ್ ಎಲ್ಲ ಸರಿಯಾಗಿಯೇ ಇದೆ. ಚಾನೆಲ್‌ನಲ್ಲಿ ಪಿಟಿಟಿ ಒತ್ತಿ ಪರದೆ ನೋಡಿ (ಫ್ರೀಕ್ವೆನ್ಸಿ ಕಾಣದಿದ್ದರೆ ಮೆನು 21ರಲ್ಲಿ ಬದಲಿಸಿ). ನಂಬರ್ 600 ಕಿಲೋಹರ್ಟ್ಜ್ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ರಿಪೀಟರ್ ಮಾತಾಡುವ ಜಾಗದಲ್ಲೇ ನೀವೂ ಮಾತಾಡುತ್ತಿದ್ದೀರಿ, ಅದು ಕಿವಿ ಇಟ್ಟಿರುವ ಕಡೆ ನಿಮ್ಮ ಸಿಗ್ನಲ್ ಹೋಗುತ್ತಲೇ ಇಲ್ಲ.

ಈ ಸೆಟ್‌ನಲ್ಲಿ ಕೀಪ್ಯಾಡ್‌ನಿಂದ ಹಾಕುವಾಗ ಎರಡು ಸಲ ಸೇವ್ ಮಾಡಬೇಕು. ಮೊದಲು ಮೆನು 28ರಲ್ಲಿ ಹಳೆಯ ಚಾನೆಲ್ ಅಳಿಸಿ. ಮೇಲಿನ ಸಾಲಿಗೆ, ಅಂದರೆ ಎ ಕಡೆಗೆ ಬನ್ನಿ, ಕೆಳಗಿನ ಸಾಲಿನಲ್ಲಿ ಒದ್ದಾಡಿದರೆ ಆಗಲ್ಲ. ಫ್ರೀಕ್ವೆನ್ಸಿ ಒತ್ತಿ, 25ರಲ್ಲಿ (ಶಿಫ್ಟ್ ದಿಕ್ಕು) ಮೈನಸ್, 26ರಲ್ಲಿ (ಆಫ್‌ಸೆಟ್, ಅಂದರೆ ಎಷ್ಟು ಅಂತರ) 00.600, 13ರಲ್ಲಿ ಟೋನ್. ಆಮೇಲೆ 27ರಲ್ಲಿ ಚಾನೆಲ್ ನಂಬರ್ ಕೊಟ್ಟು ಸೇವ್ ಮಾಡಿ ಹೊರಗೆ ಬನ್ನಿ. ಅಲ್ಲಿಗೆ ಕೇಳುವ ಫ್ರೀಕ್ವೆನ್ಸಿ ಮಾತ್ರ ಮೆಮೊರಿಗೆ ಹೋಯಿತು. ಈಗ ಸ್ಟಾರ್ ಕೀ ಒಮ್ಮೆ ಒತ್ತಿ ಬಿಡಿ, ಜಾಸ್ತಿ ಹೊತ್ತು ಹಿಡಿದರೆ ಸ್ಕ್ಯಾನ್ ಶುರುವಾಗುತ್ತದೆ. ಪರದೆಯಲ್ಲಿ ಕಳಿಸುವ ಫ್ರೀಕ್ವೆನ್ಸಿ ಬರುತ್ತದೆ. ಮತ್ತೆ 27, ಅದೇ ನಂಬರ್, ಸೇವ್.

ಸಾಲ್ಡರ್_ಹೊಗೆ:
ಇಷ್ಟೆಲ್ಲ ಯಾಕೆ, ಒಂದು ಪ್ರೋಗ್ರಾಮಿಂಗ್ ಕೇಬಲ್ ತಗೊಳ್ಳಿ. ಕಂಪ್ಯೂಟರ್‌ನಿಂದ ಚಾನೆಲ್ ತುಂಬುವ ಚರ್ಪ್ ಸಾಫ್ಟ್‌ವೇರ್ ಉಚಿತ. ಡ್ಯೂಪ್ಲೆಕ್ಸ್ ಕಾಲಂನಲ್ಲಿ ಮೈನಸ್, ಆಫ್‌ಸೆಟ್ 0.600 ಹಾಕಿದರೆ ಮುಗೀತು. ಟೋನ್ ಮೋಡ್‌ನಲ್ಲಿ ‘ಟೋನ್’ ಅಂತಲೇ ಆರಿಸಿ. ‘ಟಿಎಸ್‌ಕ್ಯೂಎಲ್’ ಆರಿಸಿದರೆ, ರಿಪೀಟರ್ ಟೋನ್ ಕಳಿಸದಿದ್ದಾಗ ನಿಮ್ಮ ಸೆಟ್ ಪೂರ್ತಿ ಮೂಕ. ಸೆಟ್‌ನ ಮೆನು 11ದೂ (ಬರುವ ಸಿಗ್ನಲ್‌ನ ಟೋನ್) ಇದೇ ಕತೆ. ಫಾಕ್ಸ್ ಹಂಟ್‌ಗೆ (ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟ) ಬರುವ ಆಸೆ ಇದ್ದರೆ ಶಿಫ್ಟ್ ಇಲ್ಲದ ಸಿಂಪ್ಲೆಕ್ಸ್ ಚಾನೆಲ್ ಒಂದನ್ನೂ ಹಾಕಿಟ್ಟುಕೊಳ್ಳಿ.

ಹಳೇ_ಡೈಪೋಲ್:
ಕೇಬಲ್ ಒಳ್ಳೆಯದೇ, ಆದರೆ ಫೀಲ್ಡ್ ಡೇಗೆ (ಬಯಲಿನಲ್ಲಿ ಸೆಟ್ ಹೂಡಿ ಮಾತಾಡುವ ದಿನ) ಬೆಟ್ಟ ಹತ್ತಿದ ಮೇಲೆ ಲ್ಯಾಪ್‌ಟಾಪ್ ಎಲ್ಲಿಂದ ತರುತ್ತೀರಿ? ಕೀಪ್ಯಾಡ್ ಕಲಿತಿರಲಿ.

ವಿಯು3_ಹೊಸಬ:
ಆಯ್ತು ಸರ್! ಸ್ಟಾರ್ ಒತ್ತಿ ಎರಡನೇ ಸಲ ಸೇವ್ ಮಾಡಿದೆ, ಚಾನೆಲ್‌ನಿಂದಲೇ ಚೆಕ್-ಇನ್ ಆಯಿತು. ಹಾಲ್‌ನಲ್ಲಿ ಕೂತರೆ ಮಾತು ಮುರಿಯುತ್ತದೆ, ಬಾಲ್ಕನಿಗೆ ಬಂದರೆ ಪೂರ್ತಿ ಕ್ಲಿಯರ್ ಅಂದರು. ಹಾಗಾದರೆ ಆಂಟೆನಾ ವಿಷಯ ಈಗ ಕೇಳಬಹುದಲ್ವಾ?