ಅಲೆ ಸಾಗಿದರೂ ನೀರು ಸಾಗುವುದಿಲ್ಲವೇ?

ಪ್ರಶ್ನೆ (ಪೋಷಕರು, ತುಮಕೂರು): ಎಂಟನೆಯ ತರಗತಿಯ ನನ್ನ ಮಗಳು ಅಮಾನಿಕೆರೆಗೆ ಕಲ್ಲೊಂದನ್ನು ಎಸೆದಾಗ ಎದ್ದ ಅಲೆಗಳು ದಡವನ್ನು ಮುಟ್ಟಿದರೂ, ನಡುವೆ ತೇಲುತ್ತಿದ್ದ ಹೊಂಗೆ ಎಲೆ ಮಾತ್ರ ಇದ್ದಲ್ಲಿಯೇ ಏರಿಳಿಯುತ್ತಿತ್ತು. ಹಾಗಾದರೆ ದಡಕ್ಕೆ ಬಂದದ್ದಾದರೂ ಏನು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ವಿಜ್ಞಾನ ಶಿಕ್ಷಕ, ಶಿರಾ): ಬಂದದ್ದು ಶಕ್ತಿ, ನೀರಲ್ಲ. ಎಲೆ ತನ್ನ ಸಮಸ್ಥಿತಿಯಿಂದ (ಅಲೆಯಿಲ್ಲದಾಗ ಇರುವ ಮಟ್ಟದಿಂದ) ಎಷ್ಟು ಮೇಲೇರುತ್ತದೆಯೋ ಅದು ಅಲೆಯ ಪಾರ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರ ತರಂಗದೂರ. ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆಯೋ ಅದು ಆವೃತ್ತಿ. ತರಂಗದೂರವನ್ನು ಆವೃತ್ತಿಯಿಂದ ಗುಣಿಸಿದರೆ ವೇಗ ದೊರೆಯುತ್ತದೆ. ಮನೆಯಲ್ಲಿ ಬಾವಿಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಮಧ್ಯಕ್ಕೆ ಕೆಂಪು ದಾರ ಸುತ್ತಿ, ಇನ್ನೊಂದು ತುದಿಯನ್ನು ಒದರಿ ನೋಡಿ: ಉಬ್ಬು ಸರಳಿನವರೆಗೆ ಓಡುತ್ತದೆ, ದಾರ ಇದ್ದಲ್ಲಿಯೇ ಕುಣಿಯುತ್ತದೆ. ಕೈಯನ್ನು ಬೇಗ ಬೇಗ ಆಡಿಸಿದಷ್ಟೂ ಉಬ್ಬುಗಳು ಹತ್ತಿರವಾಗುತ್ತವೆ.

ಉತ್ತರ 2 (ನಿವೃತ್ತ ಉಪನ್ಯಾಸಕ, ಕೋಲಾರ): ಒಂದು ಸಣ್ಣ ತಿದ್ದುಪಡಿ. ಹಗ್ಗದ ಅಲೆ ಅಡ್ಡ ತರಂಗವೇ ಸರಿ, ಅಂದರೆ ಕಣಗಳು ಅಲೆ ಸಾಗುವ ದಿಕ್ಕಿಗೆ ಅಡ್ಡಲಾಗಿ ಆಡುತ್ತವೆ. ನೀರಿನ ಮೇಲ್ಮೈಯ ಕಣಗಳಾದರೋ ಪುಟ್ಟ ವೃತ್ತಗಳಲ್ಲಿ ಸುತ್ತುವುದರಿಂದ ಎಲೆ ತುಸು ಹಿಂದೆ ಮುಂದೆಯೂ ಸರಿಯುತ್ತದೆ. ಗಾಳಿಯಲ್ಲಿ ಶಬ್ದ ನೀಳ ತರಂಗ, ಅಂದರೆ ಕಣಗಳು ಅಲೆ ಸಾಗುವ ದಿಕ್ಕಿನಲ್ಲಿಯೇ ಹಿಂದೆ ಮುಂದೆ ಆಡುತ್ತವೆ. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 344 ಮೀಟರ್ ಇರುವುದರಿಂದ, 256 ಹರ್ಟ್ಸ್ (ಸೆಕೆಂಡಿಗೆ 256 ಕಂಪನ) ಶ್ರುತಿಕವೆಯ, ಅಂದರೆ ತಟ್ಟಿದಾಗ ಒಂದೇ ಆವೃತ್ತಿಯಲ್ಲಿ ನುಡಿಯುವ ಲೋಹದ ಕವೆಯ, ನಾದದ ತರಂಗದೂರ ಸುಮಾರು 1.34 ಮೀಟರ್ ಆಗುತ್ತದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ವಂದನೆಗಳು. ಎಲೆ ಹಿಂದೆ ಮುಂದೆ ಸರಿದುದನ್ನು ಮಗಳು ಆಗಲೇ ಹೇಳಿದ್ದಳು. ಗಾಳಿಯಿಂದ ಇರಬೇಕೆಂದು ನಾನೇ ತಳ್ಳಿಹಾಕಿದ್ದೆ.