ಪಾರ್ಸರ್ ಜನರೇಟರಿನ ಕೈಪಿಡಿಯಲ್ಲಿ ಕಾಗುಣಿತ ತಿದ್ದುವುದು: ಅನುಭವ ಹಂಚಿಕೆ

ಪ್ರಶ್ನೆ, ರಾಜಾಜಿನಗರದಿಂದ

ನಾನು ತಂತ್ರಾಂಶ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಲೆಕ್ಕದ ಸೂತ್ರಗಳನ್ನು ಓದಿಕೊಳ್ಳುವ ಒಂದು ಪಾರ್ಸರ್ ಬೇಕಾಗಿದ್ದರಿಂದ, ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಬೈಸನ್ ಅನ್ನು ಹೋಲುವ ಒಂದು ಚಿಕ್ಕ ಮುಕ್ತ ಪಾರ್ಸರ್ ಜನರೇಟರಿನ (ವ್ಯಾಕರಣದ ನಿಯಮಗಳನ್ನು ಕೊಟ್ಟರೆ ಪಾರ್ಸರನ್ನು ತಯಾರಿಸಿಕೊಡುವ ಸಾಧನ) ಕೈಪಿಡಿಯನ್ನು ದಿನವೂ ಮೆಟ್ರೋದಲ್ಲಿ ಹೋಗಿ ಬರುವಾಗ ಓದುತ್ತಿದ್ದೇನೆ. ಬೈಸನ್ನಿನ ಕೈಪಿಡಿಯಂತೆ ಇದೂ ಟೆಕ್ಸಿನ್ಫೋ ಎಂಬ, ಗದ್ಯದ ನಡುವೆ ಗುರುತುಗಳನ್ನು ಹಾಕಿ ಬರೆಯುವ ಕಡತ ರೂಪದಲ್ಲಿ ಬರೆದದ್ದು. ಓದುತ್ತ ಗುರುತು ಹಾಕಿಕೊಂಡ ಕಾಗುಣಿತದ ತಪ್ಪುಗಳು ಈಗ ನಲವತ್ತು ದಾಟಿವೆ. ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸಿ ಭಾಷೆಯೂ ಅಷ್ಟಕ್ಕಷ್ಟೆ. ಇಷ್ಟು ಸಣ್ಣ ತಿದ್ದುಪಡಿಗಳನ್ನು ಕಳುಹಿಸಿದರೆ ನಿರ್ವಾಹಕರಿಗೆ ಕಿರಿಕಿರಿಯಾಗುವುದೇ? ಎಲ್ಲವನ್ನೂ ಒಟ್ಟಿಗೆ ಕಳುಹಿಸಬೇಕೆ? ಮುಟ್ಟಬಾರದ್ದನ್ನು ಮುಟ್ಟದಂತೆ ಹೇಗೆ ಎಚ್ಚರ ವಹಿಸಬೇಕು? ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ, ಬಸವನಗುಡಿಯಿಂದ

ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ತೂಕದ್ದು, ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಯೋಜನೆಯಲ್ಲಿ, ಸೆಪರೇಟರ್ ಎಂಬ ಪದದ ನಡುವೆ ‘ಎ’ ಇರಬೇಕಾದ ಕಡೆ ‘ಇ’ ಕಂಡು, ಇಡೀ ರೆಪೊಸಿಟರಿಯ (ಯೋಜನೆಯ ಕಡತಗಳ ಭಂಡಾರ) ಮೇಲೆ ಒಂದೇ ಆಜ್ಞೆಯಿಂದ ಹುಡುಕಿ ಬದಲಿಸಿಬಿಟ್ಟೆ. ಮರುದಿನ ಮೂರು ಪರೀಕ್ಷೆಗಳು ಬಿದ್ದಿದ್ದವು. ನೋಡಿದರೆ, ತಪ್ಪು ಕಾಗುಣಿತದ ನಿರ್ದೇಶನ ಕೊಟ್ಟಾಗ ಪಾರ್ಸರ್ ಜನರೇಟರ್ ಸರಿಯಾದ ದೋಷಸಂದೇಶ ಕೊಡುತ್ತದೆಯೇ ಎಂದು ತಿಳಿಯಲು ಯಾರೋ ಬೇಕೆಂದೇ ತಪ್ಪಾಗಿ ಬರೆದಿಟ್ಟಿದ್ದ ಕಡತಗಳನ್ನು ನಾನು ‘ಸರಿ’ಪಡಿಸಿದ್ದೆ. ಪರೀಕ್ಷಕಿಯಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದಿನಿಂದ ಪ್ರತಿ ತಪ್ಪಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಪದವನ್ನು ಓದುವವರು ಯಾರು, ಮನುಷ್ಯರೋ ಯಂತ್ರವೋ? ಯಂತ್ರ ಓದುವ ಪದಕ್ಕೆ ನಿಘಂಟು ಪ್ರಮಾಣವಲ್ಲ, ಬಳಕೆಯಲ್ಲಿರುವ ರೂಪವೇ ಪ್ರಮಾಣ. ವೆಬ್ ಬ್ರೌಸರುಗಳು ಕಳುಹಿಸುವ ‘ರೆಫರರ್’ ಎಂಬ ಹೆಡರಿನಲ್ಲಿ ಒಂದು ‘ಆರ್’ ಕಡಿಮೆ ಇದೆ. 1996ರ ಎಚ್‌ಟಿಟಿಪಿ ದಾಖಲೆಯಲ್ಲೂ ಅದು ಹಾಗೆಯೇ ಅಚ್ಚಾಯಿತು, ಇಂದಿಗೂ ಹಾಗೆಯೇ ಉಳಿದಿದೆ. ಯುನಿಕ್ಸಿನ ‘ಕ್ರಿಯೇಟ್’ ಕರೆಗೆ ಕೊನೆಯ ‘ಇ’ ಇಲ್ಲ. ಅವುಗಳನ್ನು ಇಂದು ತಿದ್ದಹೊರಟರೆ ತಪ್ಪು ಮಾಡಿದವರು ನಾವಾಗುತ್ತೇವೆ.

ಟೆಕ್ಸಿನ್ಫೋ ಕಡತದಲ್ಲಿ ಈ ಗೆರೆ ಬಹುಮಟ್ಟಿಗೆ ಕಣ್ಣಿಗೇ ಕಾಣುತ್ತದೆ. ಕೋಡ್, ಸ್ಯಾಂಪ್, ಎಕ್ಸಾಂಪಲ್ ಎಂಬ ಗುರುತುಗಳ ಒಳಗಿರುವುದು ಯಂತ್ರದ ಪಾಲು, ಹೊರಗಿನ ಗದ್ಯ ನಮ್ಮ ಪಾಲು. ಉದಾಹರಣೆಗಳ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಬೈಸನ್ನಿನಲ್ಲಿ ಕೈಪಿಡಿಯೊಳಗಿನ ಕ್ಯಾಲ್ಕ್ಯುಲೇಟರ್ ಉದಾಹರಣೆಗಳನ್ನು ಒಂದು ಸ್ಕ್ರಿಪ್ಟ್ ಕೈಪಿಡಿಯಿಂದಲೇ ಹೊರತೆಗೆದು ನಿಜವಾದ ಪ್ರೋಗ್ರಾಮುಗಳಾಗಿ ಕಟ್ಟುತ್ತದೆ. ಅಲ್ಲಿ ಒಂದು ಚರಾಂಕದ ಹೆಸರನ್ನು ಒಂದೇ ಕಡೆ ತಿದ್ದಿದರೆ ಪುಸ್ತಕ ಚೆನ್ನಾಗಿ ಕಾಣುತ್ತದೆ, ಪ್ರೋಗ್ರಾಮು ಮಾತ್ರ ಕಟ್ಟಿಕೊಳ್ಳುವುದಿಲ್ಲ. ಕೈಪಿಡಿಯ ಪ್ರತಿ ವಿಭಾಗವನ್ನು ಗುರುತಿಸುವ ನೋಡ್ ಹೆಸರುಗಳೂ ಹಾಗೆಯೇ. ಅಧ್ಯಾಯದ ತಲೆಬರಹದಲ್ಲಿನ ತಪ್ಪನ್ನು ಧೈರ್ಯವಾಗಿ ತಿದ್ದಬಹುದು, ಆದರೆ ನೋಡ್ ಹೆಸರನ್ನೂ ತಿದ್ದಿದರೆ ಅಡ್ಡ ಉಲ್ಲೇಖಗಳೆಲ್ಲ ಅದನ್ನು ಅನುಸರಿಸಿ ಬದಲಾಗಬೇಕು, ಮೇಲಾಗಿ ಹೊರಗಿನವರು ಆ ಪುಟಕ್ಕೆ ಕೊಟ್ಟಿರುವ ಕೊಂಡಿಗಳು ಮುರಿಯುತ್ತವೆ. ತಿದ್ದಲೇಬೇಕೆನಿಸಿದರೆ ಹಳೆಯ ಹೆಸರಿನಲ್ಲಿ, ಕೊಂಡಿಗಳು ಬಂದು ಸೇರುವ ಒಂದು ಆ್ಯಂಕರ್ ಉಳಿಸಿ.

ಇನ್ನೊಂದು ವಿಷಯ. ಮ್ಯಾನ್ ಪುಟದಲ್ಲಿ (ಆಜ್ಞೆಯ ಬಳಕೆಯನ್ನು ತಿಳಿಸುವ ಪುಟ) ತಪ್ಪು ಕಂಡರೆ ಅಲ್ಲಿಯೇ ತಿದ್ದಬೇಡಿ. ಬೈಸನ್ನಿನ ಮ್ಯಾನ್ ಪುಟವನ್ನು ಹೆಲ್ಪ್‌ಟುಮ್ಯಾನ್ ಎಂಬ ಸಾಧನ ಪ್ರೋಗ್ರಾಮಿನ ಸಹಾಯ ಸಂದೇಶದಿಂದ ತಯಾರಿಸುತ್ತದೆ. ನಿಮ್ಮ ಯೋಜನೆಯೂ ಹಾಗೆ ಮಾಡುತ್ತಿದ್ದರೆ, ಮೂಲದಲ್ಲಿ ತಿದ್ದದ ತಪ್ಪು ಮುಂದಿನ ಬಾರಿ ಮತ್ತೆ ಮೊಳೆಯುತ್ತದೆ.

ಉತ್ತರ, ಮಲ್ಲೇಶ್ವರದಿಂದ

ನಾನು ಕೈಪಿಡಿ ಬರೆಯುವ ವೃತ್ತಿಯವಳು. ಕನ್ನಡ ಮಾಧ್ಯಮದ ಬಗ್ಗೆ ಸಂಕೋಚ ಬೇಡ. ಗ್ರಾಮರ್ ಪದದ ಕೊನೆಯಲ್ಲಿ ‘ಎ’ ಬದಲು ‘ಇ’ ಬರೆಯುವವರು ಇಂಗ್ಲಿಷರಲ್ಲೂ ಇದ್ದಾರೆ; ಕನ್ನಡ ಲಿಪಿಯಲ್ಲಿ ಬರೆದರೆ ಆ ಎರಡು ರೂಪಗಳಿಗೆ ವ್ಯತ್ಯಾಸವೇ ಉಳಿಯುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? ನುಡಿದಂತೆ ಬರೆದು ಅಭ್ಯಾಸವಾದ ನಾವು ಇಂಗ್ಲಿಷಿನ ಪದವನ್ನು ಚಿತ್ರದಂತೆ ನೆನಪಿಟ್ಟು ಕಲಿತವರು, ಆದ್ದರಿಂದಲೇ ಚಿತ್ರ ಕೆಟ್ಟಿದ್ದರೆ ನಮಗೆ ಬೇಗ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ನಮಗೆ ನಿಜವಾದ ತೊಡಕು ಬೇರೊಂದಿದೆ. ನಮ್ಮ ಶಾಲೆಗಳಲ್ಲಿ ಕಲಿಸಿದ್ದು ಬ್ರಿಟಿಷ್ ಕಾಗುಣಿತ. ಬಿಹೇವಿಯರ್ ಪದದಲ್ಲಿ ‘ಯು’ ಇಲ್ಲದಿದ್ದರೆ, ರೆಕಗ್ನೈಸ್ ಪದದಲ್ಲಿ ‘ಎಸ್’ ಬದಲು ‘ಝಡ್’ ಇದ್ದರೆ ಕೈ ತಾನಾಗಿಯೇ ಕೆಂಪು ಶಾಯಿಯ ಕಡೆ ಹೋಗುತ್ತದೆ. ಕೈಪಿಡಿ ಅಮೆರಿಕನ್ ರೂಢಿಯಲ್ಲಿದ್ದರೆ ಅದು ತಪ್ಪಲ್ಲ. ನಿಮ್ಮ ನಲವತ್ತರಲ್ಲಿ ಇಂಥವು ಎಷ್ಟಿವೆ ಎಂದು ಮೊದಲು ಎಣಿಸಿ. ಹಾಗೆಯೇ ವಾಕ್ಯದ ಕೊನೆಯಲ್ಲಿ ಎರಡು ಖಾಲಿ ಜಾಗಗಳಿದ್ದರೆ ಅಳಿಸಬೇಡಿ; ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ವಾಕ್ಯದ ಅಂತ್ಯವನ್ನು ಗುರುತಿಸಲಿ ಎಂದು ಗ್ನೂ ಬರಹಗಾರರು ಬೇಕೆಂದೇ ಹಾಗೆ ಬಿಡುತ್ತಾರೆ. ಗ್ನೂ ಮಾನದಂಡಗಳಲ್ಲಿ ಪದಗಳ ಆಯ್ಕೆಗೂ ನಿಯಮಗಳಿವೆ: ತಪ್ಪು ಇನ್‌ಪುಟ್ಟನ್ನು ‘ಇಲ್ಲೀಗಲ್’ ಎನ್ನದೆ ‘ಇನ್‌ವ್ಯಾಲಿಡ್’ ಎನ್ನಬೇಕು, ಕಾನೂನು ನಿಷೇಧಿಸಿದ ಕೃತ್ಯಕ್ಕೆ ಮಾತ್ರ ಮೊದಲನೆಯ ಪದವನ್ನು ಮೀಸಲಿಡಬೇಕು. ಅಂಥ ಬದಲಾವಣೆ ಮಾಡುವುದಿದ್ದರೆ ಅದನ್ನು ಕಾಗುಣಿತದ ಪ್ಯಾಚಿನಲ್ಲಿ (ಕಳುಹಿಸುವ ತಿದ್ದುಪಡಿಗಳ ಕಡತ) ಬೆರೆಸಬೇಡಿ.

ಸಾಧನಗಳಲ್ಲಿ ಎರಡು ಸಾಕು. ಆಸ್‌ಪೆಲ್ ತನ್ನ ನಿಘಂಟಿನಲ್ಲಿಲ್ಲದ ಪ್ರತಿಯೊಂದು ಪದಕ್ಕೂ ತಕರಾರು ತೆಗೆಯುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಹಳೆಯ ಪಾರ್ಸರ್ ಜನರೇಟರ್ ಯಾಕ್‌ನಿಂದ ಬಳುವಳಿಯಾಗಿ ಬಂದ ವೈವೈಲೆಕ್ಸ್, ವೈವೈಎರರ್ ಮುಂತಾದ ಹೆಸರುಗಳನ್ನು ಅದು ಒಂದೊಂದಾಗಿ ಹಿಡಿದು ನಿಲ್ಲಿಸಿದರೆ ತಲೆ ಚಿಟ್ಟು ಹಿಡಿಯುತ್ತದೆ, ಆದ್ದರಿಂದ ಅದರ ಟೆಕ್ಸಿನ್ಫೋ ವಿಧಾನವನ್ನು ಬಳಸಿ. ಕೋಡ್‌ಸ್ಪೆಲ್ ಇದಕ್ಕೆ ತದ್ವಿರುದ್ಧ: ಅದರ ಬಳಿ ಇರುವುದು ಸಾಮಾನ್ಯ ತಪ್ಪುಗಳ ಪಟ್ಟಿ, ಪಟ್ಟಿಯಲ್ಲಿಲ್ಲದ್ದು ಅದಕ್ಕೆ ಕಾಣುವುದೇ ಇಲ್ಲ. ತಾನಾಗಿ ತಿದ್ದುವ ಆಯ್ಕೆಯನ್ನು ದೂರವಿಡಿ. ಎರಡೂ ಹಿಡಿಯಲಾರದ ತಪ್ಪುಗಳಿರುತ್ತವೆ: ‘ಫ್ರಮ್’ ಹೋಗಿ ‘ಫಾರ್ಮ್’ ಆದದ್ದು ನಿಘಂಟಿನ ಪ್ರಕಾರ ಸರಿಯಾದ ಪದವೇ. ‘ಶಿಫ್ಟ್’ ಪದದಲ್ಲಿ ‘ಎಫ್’ ಬಿಟ್ಟುಹೋದರೆ ಏನಾಗುವುದೆಂದು ಇಲ್ಲಿ ಬರೆಯಲಾರೆ. ಪಾರ್ಸರಿನ ಕೈಪಿಡಿಯಲ್ಲಿ ಪುಟಕ್ಕೆ ಹತ್ತು ಸಲ ಬರುವ ಪದವದು, ಕಣ್ಣಿಟ್ಟು ನೋಡಿ.

ಉತ್ತರ, ವೈಟ್‌ಫೀಲ್ಡಿನಿಂದ

ದೋಷಸಂದೇಶಗಳಲ್ಲಿನ ಕಾಗುಣಿತದ ಬಗ್ಗೆ ಒಂದೇ ಮಾತು. ಸಂದೇಶಗಳ ಅನುವಾದ ಗೆಟ್‌ಟೆಕ್ಸ್ಟ್ ಮೂಲಕ ನಡೆಯುವ ಯೋಜನೆಗಳಲ್ಲಿ ಇಂಗ್ಲಿಷ್ ವಾಕ್ಯವೇ ಕೀಲಿಕೈ. ಅದರಲ್ಲಿ ಒಂದಕ್ಷರ ಬದಲಾದರೂ ಹಳೆಯ ಅನುವಾದಗಳಿಗೆ ‘ಫಝಿ’ ಎಂಬ ಗುರುತು ಬಿದ್ದು, ಪ್ರತಿ ಭಾಷೆಯ ಅನುವಾದಕರು ಮತ್ತೆ ನೋಡಿ ಒಪ್ಪುವವರೆಗೆ ಬಳಕೆದಾರರಿಗೆ ಆ ಸಂದೇಶ ಇಂಗ್ಲಿಷಿನಲ್ಲಿಯೇ ಕಾಣುತ್ತದೆ. ಅನುವಾದಕನಾಗಿ ನಾನು ಇದನ್ನು ಅನುಭವಿಸಿದ್ದೇನೆ. ಒಂದು ಅಲ್ಪವಿರಾಮಕ್ಕಾಗಿ ಒಂದು ಭಾನುವಾರ ಹೋಗಿತ್ತು. ತಿದ್ದಬೇಡಿ ಎನ್ನುತ್ತಿಲ್ಲ. ಅಂಥವನ್ನು ಪ್ರತ್ಯೇಕ ಪ್ಯಾಚಾಗಿ ಕಳುಹಿಸಿ, ಬಿಡುಗಡೆಗೆ ಸಾಕಷ್ಟು ಮುಂಚೆ ಕಳುಹಿಸಿ.

ಉತ್ತರ, ಬಸವನಗುಡಿಯಿಂದ ಮತ್ತೆ

ಉಳಿದೆರಡು ಪ್ರಶ್ನೆಗಳು ಬಾಕಿ ಇದ್ದವು. ಕಿರಿಕಿರಿ ಆಗುವುದು ಪ್ಯಾಚ್ ಸಣ್ಣದೆಂದಲ್ಲ, ಓದಲು ಕಷ್ಟವಾದಾಗ. ಒಂದು ಅಕ್ಷರ ತಿದ್ದಿ ಪ್ಯಾರಾವನ್ನು ಮತ್ತೆ ಸಾಲು ಹೊಂದಿಸಿದರೆ ಹತ್ತು ಸಾಲುಗಳು ಬದಲಾದಂತೆ ತೋರುತ್ತವೆ, ತಿದ್ದುಪಡಿ ಎಲ್ಲಿದೆಯೆಂದು ನಿರ್ವಾಹಕರು ಹುಡುಕಬೇಕಾಗುತ್ತದೆ. ಸಾಲು ಸ್ವಲ್ಪ ಉದ್ದವಾದರೂ ಹಾಗೆಯೇ ಬಿಡಿ. ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಪದವಾರು ವ್ಯತ್ಯಾಸ ತೋರಿಸುವ ಆಯ್ಕೆಯಿದೆ. ಕಳುಹಿಸುವ ಮುನ್ನ ಅದರಲ್ಲಿ ಒಮ್ಮೆ ನೋಡಿಕೊಂಡರೆ ನಿಮ್ಮ ಕೈತಪ್ಪೂ ಸಿಗುತ್ತದೆ. ನಲವತ್ತು ಗದ್ಯದ ತಪ್ಪುಗಳನ್ನು ಒಂದೇ ಪ್ಯಾಚಿನಲ್ಲಿ ಕಳುಹಿಸಬಹುದು. ಗ್ನೂ ಯೋಜನೆಗಳಲ್ಲಿ ಸುಮಾರು ಹದಿನೈದು ಸಾಲುಗಳೊಳಗಿನ ಕೊಡುಗೆಗೆ ಹಕ್ಕುಸ್ವಾಮ್ಯದ ಕಾಗದಪತ್ರ ಕೇಳುವುದಿಲ್ಲ. ಅದಕ್ಕಿಂತ ದೊಡ್ಡದಾದರೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಪರವಾನಗಿಯ ಪಠ್ಯವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

ಪ್ರಶ್ನೆ ಕೇಳಿದವರಿಂದ, ಎರಡು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಪಟ್ಟಿಯನ್ನು ಮತ್ತೆ ಜರಡಿ ಹಿಡಿದಾಗ ನಲವತ್ಮೂರರಲ್ಲಿ ಒಂಬತ್ತು ಬ್ರಿಟಿಷ್ ಕಾಗುಣಿತದ ಗೀಳಿನಿಂದ ಬಂದವು, ಎರಡು ಉದಾಹರಣೆಯ ಕೋಡಿನೊಳಗಿನವು, ಒಂದು ಪರವಾನಗಿಯಲ್ಲಿನದು ಎಂದು ತಿಳಿಯಿತು. ಉಳಿದ ಮೂವತ್ತೊಂದನ್ನು ಕಳುಹಿಸಿದೆ, ಮೂರನೆಯ ದಿನ ಸೇರಿಸಿಕೊಂಡರು. ಹೀಗೆ ಮತ್ತೆ ಓದುವಾಗ ಇನ್ನೊಂದು ಸಿಕ್ಕಿತು: ವ್ಯಾಕರಣ ನಿಯಮದ ಎಡಭಾಗದಲ್ಲಿ ಟರ್ಮಿನಲ್ (ಇನ್ನು ಒಡೆಯಲಾಗದ ಚಿಹ್ನೆ) ಇರಬೇಕೆಂದು ಒಂದು ಕಡೆ ಬರೆದಿದೆ. ಅಲ್ಲಿ ಇರಬೇಕಾದದ್ದು, ನಿಯಮದಂತೆ ಬೇರೆ ಚಿಹ್ನೆಗಳಾಗಿ ಒಡೆಯಬಲ್ಲ ನಾನ್‌ಟರ್ಮಿನಲ್. ‘ನಾನ್’ ಬಿಟ್ಟುಹೋಗಿದೆ, ಕಾಗುಣಿತ ಮಾತ್ರ ನಿರ್ದುಷ್ಟವಾಗಿದೆ. ಇದನ್ನು ಕಾಗುಣಿತದ ತಪ್ಪೆಂದು ಕಳುಹಿಸದೆ, ವಿವರಣೆ ಬರೆದು ಬೇರೆಯಾಗಿಯೇ ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.